ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ 14,000 ಕಿ.ಮೀ. ಸರಿ, ಗಂಟೆ ಎಷ್ಟು?

ಕುಕ್ಕರಹಳ್ಳಿ
ಎಲ್ಲರಿಗೂ ನಮಸ್ಕಾರ. ನನ್ನ ತಂದೆ ತಾಯಿ ಬರುವ ಫೆಬ್ರುವರಿಯಲ್ಲಿ ಮೈಸೂರಿನಿಂದ ಹೊರಟು, ಸ್ಯಾನ್ ಫ್ರಾನ್ಸಿಸ್ಕೋ ಸಮೀಪದ ಫ್ರೀಮಾಂಟ್‌ನಲ್ಲಿರುವ ನನ್ನ ತಂಗಿಯ ಮನೆಗೆ ಹೋಗುತ್ತಿದ್ದಾರೆ. ಇಬ್ಬರಿಗೂ ಎಪ್ಪತ್ತರ ಆಸುಪಾಸು. ಅಮ್ಮನಿಗೆ ಮಂಡಿನೋವು, ಅಪ್ಪನಿಗೆ ಸಕ್ಕರೆ ಕಾಯಿಲೆ ಇದೆ. ಎಷ್ಟು ಹೊತ್ತು ಕುಳಿತಿರಬೇಕಾಗುತ್ತದೆ ಎಂದು ಅಮ್ಮ ದಿನವೂ ಕೇಳುತ್ತಿದ್ದಾರೆ. ಅವರಿಗೆ ಹೇಳಲು ನನ್ನ ಬಳಿ ಒಂದೇ ಉತ್ತರವಿಲ್ಲ.

ಎರಡು ಊರುಗಳ ನಡುವಿನ ದೂರ ಸುಮಾರು 14,000 ಕಿ.ಮೀ. ಎಂದು ಎಲ್ಲ ಕಡೆಯೂ ಇದೆ. ವಿಮಾನದ ವೇಗ ಗಂಟೆಗೆ 900 ಕಿ.ಮೀ. ಎಂದಿಟ್ಟುಕೊಂಡು ಭಾಗಿಸಿದರೆ ಹದಿನೈದೂವರೆ ಗಂಟೆ ಬರುತ್ತದೆ. ಆದರೆ ನೇರ ವಿಮಾನದಲ್ಲಿ ಹೋದವರು ಹೋಗುವಾಗ 16 ಗಂಟೆ, ಬರುವಾಗ 17ಕ್ಕೂ ಹೆಚ್ಚು ಎನ್ನುತ್ತಾರೆ. ಒಂದು ಕಡೆ ಇಳಿದು ಹೋಗುವ ಟಿಕೆಟ್‌ಗಳಲ್ಲಿ 21ರಿಂದ 28 ಗಂಟೆಯವರೆಗೆ ಬರೆದಿರುತ್ತಾರೆ. ದೂರ ಒಂದೇ ಆಗಿರುವಾಗ ಹೊತ್ತು ಇಷ್ಟೊಂದು ಬದಲಾಗುವುದು ಏಕೆ? ಇದನ್ನು ಬಲ್ಲವರು ತಿಳಿಸಿದರೆ, ಅವರನ್ನು ಯಾವ ದಾರಿಯಲ್ಲಿ ಕಳಿಸಬೇಕೆಂದು ನಿರ್ಧರಿಸಲು ಅನುಕೂಲವಾಗುತ್ತದೆ.

ನಕ್ಷೆಪ್ರಿಯ
ಮೊದಲು ಆ 14,000 ಎಲ್ಲಿಂದ ಬಂತು ಎಂದು ನೋಡೋಣ. ದೇವನಹಳ್ಳಿ ವಿಮಾನ ನಿಲ್ದಾಣ ಇರುವುದು 13.2 ಡಿಗ್ರಿ ಉತ್ತರ, 77.7 ಡಿಗ್ರಿ ಪೂರ್ವದಲ್ಲಿ. ಸ್ಯಾನ್ ಫ್ರಾನ್ಸಿಸ್ಕೋ ನಿಲ್ದಾಣ 37.6 ಡಿಗ್ರಿ ಉತ್ತರ, 122.4 ಡಿಗ್ರಿ ಪಶ್ಚಿಮದಲ್ಲಿದೆ. ಭೂಮಿಯನ್ನು 6,371 ಕಿ.ಮೀ. ತ್ರಿಜ್ಯದ ಗೋಳವೆಂದು ಭಾವಿಸಿ ಲೆಕ್ಕ ಹಾಕಿದರೆ ಇವೆರಡರ ನಡುವಿನ ಅತಿ ಚಿಕ್ಕ ಗೆರೆ ಸುಮಾರು 13,990 ಕಿ.ಮೀ. ಬರುತ್ತದೆ.

ಮನೆಯಲ್ಲಿ ಗ್ಲೋಬ್ ಇದ್ದರೆ ಒಂದು ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೋ ಮೇಲೆ ಬಿಗಿಯಾಗಿ ಎಳೆದು ನೋಡಿ. ದಾರ ಸಡಿಲವಾಗಿದ್ದರೆ ಅರಬ್ಬಿ ಸಮುದ್ರದ ಕಡೆಗೆ ಜಾರೀತು, ಬಿಗಿಯಾಗುತ್ತಿದ್ದ ಹಾಗೆ ತಾನಾಗಿಯೇ ಮೇಲಕ್ಕೆ ಸರಿಯುತ್ತದೆ. ಆಗ ಅದು ನೇಪಾಳ, ಟಿಬೆಟ್, ಮಂಗೋಲಿಯ, ಸೈಬೀರಿಯಗಳನ್ನು ಹಾದು, ರಷ್ಯಾದ ಉತ್ತರ ಕರಾವಳಿಯಾಚೆ 71 ಡಿಗ್ರಿಯವರೆಗೆ ಏರಿ, ಅಲಾಸ್ಕದ ಮೇಲಿಂದ ಕೆಳಗಿಳಿಯುತ್ತದೆ. ನಮ್ಮ ಪ್ರಶ್ನೆಯಲ್ಲಿರುವ 14,000 ಈ ದಾರದ ಉದ್ದ. ವಿಮಾನ ನಿಜವಾಗಿ ಹಾರುವ ದಾರಿಯ ಉದ್ದ ಬೇರೆಯೇ.

ತುಂಗಾತೀರ
ಅಮೆರಿಕ ನಮಗೆ ಪಶ್ಚಿಮದಲ್ಲಲ್ಲವೇ? ಗೋಡೆಯ ನಕ್ಷೆಯಲ್ಲಿ ಯುರೋಪು, ಅಟ್ಲಾಂಟಿಕ್ ದಾಟಿಯೇ ಹೋಗಬೇಕು. ದಾರ ಪೂರ್ವಕ್ಕೆ ಹೋಗುವುದು ಹೇಗೆ?

ನಕ್ಷೆಪ್ರಿಯ
ಗೋಡೆಯ ನಕ್ಷೆಯ ನಡುಭಾಗದಲ್ಲಿ ಅಟ್ಲಾಂಟಿಕ್ ಬರುವಂತೆ, ಎಡ ಬಲ ಅಂಚುಗಳನ್ನು ಪೆಸಿಫಿಕ್‌ನಲ್ಲಿ ಕತ್ತರಿಸಿರುವುದರಿಂದ ಹಾಗೆ ಕಾಣುತ್ತದೆ. ರೇಖಾಂಶದ ಲೆಕ್ಕದಲ್ಲಿ ಬೆಂಗಳೂರಿನಿಂದ ಪಶ್ಚಿಮಕ್ಕೆ ಹೊರಟರೆ 200 ಡಿಗ್ರಿ ಸುತ್ತಬೇಕು, ಪೂರ್ವಕ್ಕೆ ಹೊರಟರೆ 160 ಡಿಗ್ರಿ ಸಾಕು. ಪೂರ್ವವೇ ಹತ್ತಿರ. ಆದರೆ ಅಂತರ ಅಷ್ಟೇನೂ ದೊಡ್ಡದಲ್ಲ ಎನ್ನುವುದನ್ನೂ ಗಮನಿಸಿ. ಸರಿಯಾಗಿ ಉತ್ತರ ಧ್ರುವದ ಮೇಲೆಯೇ ಹಾದು ಹೋದರೂ ದೂರ ಸುಮಾರು 14,370 ಕಿ.ಮೀ., ಅಂದರೆ ನಾನೂರು ಕಿ.ಮೀ. ಕೂಡ ಹೆಚ್ಚಾಗುವುದಿಲ್ಲ. ಭೂಮಿಯ ಹೆಚ್ಚುಕಡಿಮೆ ಆಚೆ ಬದಿಯಲ್ಲಿರುವ ಊರಿಗೆ ಎಲ್ಲ ದಿಕ್ಕಿನಿಂದಲೂ ದಾರಿ ಇರುತ್ತದೆ.

ರೆಕ್ಕೆಪುಕ್ಕ
ವಿಮಾನಗಳ ಹಾರಾಟ ಯೋಜನೆ ತಯಾರಿಸುವ ಕೆಲಸದಲ್ಲಿ ಬಹಳ ವರ್ಷ ಇದ್ದವನಾಗಿ ಎರಡು ಮಾತು ಸೇರಿಸುತ್ತೇನೆ. ನಮ್ಮ ಮೇಜಿನ ಮೇಲೆ ಕಿಲೋಮೀಟರಿಗಿಂತ ಮೊದಲು ಬರುವುದು ಗಾಳಿಯ ನಕ್ಷೆ. ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಚಳಿಗಾಲದಲ್ಲಿ ಗಂಟೆಗೆ 200 ಕಿ.ಮೀ. ಮೀರುವುದು ಸಾಮಾನ್ಯ. 900 ಎನ್ನುವುದು ಸುತ್ತಲಿನ ಗಾಳಿಗೆ ಹೋಲಿಸಿದ ವೇಗವೇ ಹೊರತು ನೆಲಕ್ಕೆ ಹೋಲಿಸಿದ ವೇಗವಲ್ಲ. ಇಡೀ ದಾರಿಯ ಸರಾಸರಿಯಲ್ಲಿ ಬೆನ್ನಿಗೆ 100 ಕಿ.ಮೀ. ಗಾಳಿ ಸಿಕ್ಕರೆ 13,990 ಕಿ.ಮೀ. 14 ಗಂಟೆಯಲ್ಲಿ ಮುಗಿಯುತ್ತದೆ, ಅದೇ ಗಾಳಿ ಎದುರಿಗೆ ಬಂದರೆ ಹದಿನೇಳೂವರೆ ಗಂಟೆ ಬೇಕು. ಮೂರೂವರೆ ಗಂಟೆಯ ವ್ಯತ್ಯಾಸ ಬರೀ ಗಾಳಿಯಿಂದ.

ಇದಕ್ಕೆ ಒಳ್ಳೆಯ ಉದಾಹರಣೆ ದೆಹಲಿ ಮತ್ತು ಸ್ಯಾನ್ ಫ್ರಾನ್ಸಿಸ್ಕೋ ನಡುವಿನ ಹಾರಾಟ. ಅತಿ ಚಿಕ್ಕ ಗೆರೆಯಲ್ಲಿ ಇವುಗಳ ದೂರ ಸುಮಾರು 12,400 ಕಿ.ಮೀ. 2016ರ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾ ಅಟ್ಲಾಂಟಿಕ್ ದಾರಿಯನ್ನು ಬಿಟ್ಟು ಪೆಸಿಫಿಕ್ ಮೇಲೆ ಹಾರಿಸಿ, 15,300 ಕಿ.ಮೀ.ಯನ್ನು ಹದಿನಾಲ್ಕೂವರೆ ಗಂಟೆಯಲ್ಲಿ ಮುಗಿಸಿತು. ದಾರಿ ಸಾವಿರಾರು ಕಿ.ಮೀ. ಸುತ್ತಾದರೂ ಉದ್ದಕ್ಕೂ ಗಾಳಿ ಬೆನ್ನಿಗಿದ್ದುದರಿಂದ ಹೊತ್ತು ಉಳಿಯಿತು. ಹಾಗಾಗಿ ಕಿ.ಮೀ. ನೋಡಿ ಹೊತ್ತು ಹೇಳಬೇಡಿ ಎಂಬುದೇ ನನ್ನ ಮಾತು.

ಹೊಸದುರ್ಗ
ಕಿ.ಮೀ.ಗೆ ಬೆಲೆಯೇ ಇಲ್ಲ ಎನ್ನುವ ಹಾಗೆ ಹೇಳುವುದನ್ನು ನಾನು ಒಪ್ಪುವುದಿಲ್ಲ. ಒಂದು ವಿಮಾನ ಆ ಊರನ್ನು ತಲುಪಬಲ್ಲದೇ ಇಲ್ಲವೇ ಎಂಬುದನ್ನು ನಿರ್ಧರಿಸುವುದು ಮೊದಲಿಗೆ ದೂರವೇ. ಬೋಯಿಂಗ್ 777-200ಎಲ್‌ಆರ್ ಸುಮಾರು 1.8 ಲಕ್ಷ ಲೀಟರ್ ಇಂಧನ ಹೊರುತ್ತದೆ. ಅಂಥದ್ದೊಂದು ವಿಮಾನ ಸಿಕ್ಕ ಮೇಲೆ ತಾನೇ ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ ನೇರ ಹಾರಾಟ ಸಾಧ್ಯವಾದದ್ದು? 2021ರ ಜನವರಿ 9ರಂದು ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ನೇತೃತ್ವದಲ್ಲಿ, ಕಾಕ್‌ಪಿಟ್‌ನಲ್ಲಿ ಮಹಿಳೆಯರೇ ಇದ್ದ, ಈ ಮಾರ್ಗದ ಮೊದಲ ನೇರ ವಿಮಾನ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು, ಉತ್ತರ ಧ್ರುವದ ಮೇಲಿನ ದಾರಿಯಲ್ಲಿ ಸುಮಾರು 17 ಗಂಟೆ ಹಾರಿ ದೇವನಹಳ್ಳಿಯಲ್ಲಿ ಇಳಿದದ್ದನ್ನು ನಾವೆಲ್ಲ ಹೆಮ್ಮೆಯಿಂದ ನೋಡಿದ್ದೇವೆ.

ರೆಕ್ಕೆಪುಕ್ಕ
ಹೊಸದುರ್ಗ ಅವರೇ, ದೂರಕ್ಕೆ ಬೆಲೆಯಿಲ್ಲವೆಂದು ನಾನು ಹೇಳಿಲ್ಲ, ಹೊತ್ತು ತಿಳಿಯಲು ಅದೊಂದೇ ಸಾಲದು ಎಂದೆ. ತಲುಪುವ ಶಕ್ತಿಯ ವಿಷಯಕ್ಕೇ ಬಂದರೂ ಬೆಂಗಳೂರಿಗೆ ಅದರದೇ ಆದ ತೊಡಕಿದೆ. ದೇವನಹಳ್ಳಿಯ ರನ್‌ವೇ ಸಮುದ್ರ ಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಅಲ್ಲಿ ಗಾಳಿ ತೆಳು, ಮಧ್ಯಾಹ್ನದ ಬಿಸಿಲಿಗೆ ಇನ್ನೂ ತೆಳುವಾಗುತ್ತದೆ. ಇಂಧನವನ್ನು ಪೂರ್ತಿ ತುಂಬಿಕೊಂಡು ಮೇಲೇಳುವ ವಿಮಾನ ಸಮುದ್ರ ಮಟ್ಟದಲ್ಲಿರುವ ಮುಂಬೈಯಲ್ಲಿ ಹೊರುವಷ್ಟು ಭಾರವನ್ನು ಇಲ್ಲಿ ಹೊರಲಾರದು. ಎದುರುಗಾಳಿ ಜೋರಾಗಿರುವ ದಿನ ಹೆಚ್ಚು ಇಂಧನ ಬೇಕಾದರೆ ಸರಕನ್ನೋ ಕೆಲವು ಆಸನಗಳನ್ನೋ ಬಿಡಬೇಕಾಗುತ್ತದೆ. ಜೊತೆಗೆ, ದೂರದ ಹಾರಾಟದ ಮೊದಲ ಗಂಟೆಗಳಲ್ಲಿ ಉರಿಯುವ ಇಂಧನದ ದೊಡ್ಡ ಪಾಲು ಕೊನೆಯ ಗಂಟೆಗಳಿಗೆ ಬೇಕಾದ ಇಂಧನವನ್ನು ಹೊರುವುದಕ್ಕೇ ಖರ್ಚಾಗುತ್ತದೆ.

ತುಂಗಾತೀರ
ಹಾಗಾದರೆ ನಕ್ಷೆಪ್ರಿಯ ಅವರು ಹೇಳಿದ ನೇಪಾಳ, ಟಿಬೆಟ್ ಮೇಲಿನ ಚಿಕ್ಕ ದಾರಿಯಲ್ಲಿ ಹೋಗಿ ಇಂಧನ ಉಳಿಸಬಹುದಲ್ಲ?

ರೆಕ್ಕೆಪುಕ್ಕ
ಸಾಧಾರಣವಾಗಿ ಹೋಗುವುದಿಲ್ಲ. ಕ್ಯಾಬಿನ್ನಿನ ಒತ್ತಡ ತಪ್ಪಿದರೆ ವಿಮಾನ ಬೇಗನೆ 10,000 ಅಡಿಗೆ ಇಳಿಯಬೇಕು, ಏಕೆಂದರೆ ಪ್ರಯಾಣಿಕರ ತಲೆಯ ಮೇಲಿಂದ ಬೀಳುವ ಮಾಸ್ಕ್‌ಗಳಿಗೆ ಆಮ್ಲಜನಕ ಒದಗುವುದು ಕೆಲವೇ ನಿಮಿಷ. ಟಿಬೆಟ್ ಪ್ರಸ್ಥಭೂಮಿಯ ನೆಲವೇ ಸರಾಸರಿ 14,000 ಅಡಿಗಿಂತ ಮೇಲಿದೆ. ಇಳಿಯಲು ಜಾಗವೆಲ್ಲಿ? ಬಂಗಾಳ ಕೊಲ್ಲಿ, ದಕ್ಷಿಣ ಚೀನಾ, ಜಪಾನ್ ಕಡೆಯಿಂದ ಪೆಸಿಫಿಕ್‌ಗೆ ಹೊರಳಿದರೆ ದೂರ ಹೆಚ್ಚಾಗುತ್ತದೆ, ಆದರೆ ಬೆನ್ನಿಗೆ ಗಾಳಿ ಸಿಗುತ್ತದೆ, ಕೆಳಗೆ ಸುರಕ್ಷಿತವಾಗಿ ಇಳಿಯುವ ಎತ್ತರವೂ ಸಿಗುತ್ತದೆ. ಧ್ರುವದ ದಾರಿಗೂ ಅದರದೇ ಷರತ್ತುಗಳಿವೆ. ಜೆಟ್ ಎ-1 ಇಂಧನ ಸೊನ್ನೆಗಿಂತ 47 ಡಿಗ್ರಿ ಕೆಳಗೆ ಗಟ್ಟಿಯಾಗತೊಡಗುತ್ತದೆ, ಆದ್ದರಿಂದ ಟ್ಯಾಂಕಿನ ತಾಪಮಾನವನ್ನು ಪೈಲಟ್‌ಗಳು ಕಣ್ಣಿಟ್ಟು ನೋಡುತ್ತಿರಬೇಕು. ದಾರಿಯಲ್ಲಿ ತೊಂದರೆಯಾದರೆ ಇಳಿಯಬಹುದಾದ ನಿಲ್ದಾಣಗಳನ್ನು ಮೊದಲೇ ಗೊತ್ತುಮಾಡಿರಬೇಕು. 2023ರ ಜೂನ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟ ವಿಮಾನ ಎಂಜಿನ್ ತೊಂದರೆಯಿಂದ ರಷ್ಯಾದ ಮಗದಾನ್‌ನಲ್ಲಿ ಇಳಿದದ್ದು ನೆನಪಿರಬಹುದು.

ದೂರದೃಷ್ಟಿ
ಗಾಳಿ, ಬೆಟ್ಟ ಎಲ್ಲ ಸರಿ. ಆದರೆ ಇತ್ತೀಚಿನ ವರ್ಷಗಳಲ್ಲಿ ಹೊತ್ತನ್ನು ಹೆಚ್ಚು ಬದಲಿಸಿದ್ದು ದೇಶಗಳ ನಡುವಿನ ಜಗಳ. 2022ರಲ್ಲಿ ಯುಕ್ರೇನ್ ಯುದ್ಧ ಆರಂಭವಾದ ಮೇಲೆ ರಷ್ಯಾದ ಆಕಾಶ ಯುರೋಪು ಮತ್ತು ಅಮೆರಿಕದ ವಿಮಾನ ಸಂಸ್ಥೆಗಳಿಗೆ ಮುಚ್ಚಿತು. ಹೆಲ್ಸಿಂಕಿಯಿಂದ ಟೋಕಿಯೋಗೆ ಒಂಬತ್ತೂವರೆ ಗಂಟೆಯ ಆಸುಪಾಸಿನಲ್ಲಿ ಹೋಗುತ್ತಿದ್ದ ಫಿನ್‌ಏರ್ ವಿಮಾನಕ್ಕೆ ಈಗ 13 ಗಂಟೆ ಹಿಡಿಯುತ್ತದೆ. ಎರಡು ಊರುಗಳೂ ಇದ್ದಲ್ಲೇ ಇವೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನದ ಆಕಾಶ ಭಾರತೀಯ ವಿಮಾನಗಳಿಗೆ ಮುಚ್ಚಿದಾಗ ದೆಹಲಿಯಿಂದ ಉತ್ತರ ಅಮೆರಿಕಕ್ಕೆ ಹೊರಟ ಕೆಲವು ವಿಮಾನಗಳು ಇಂಧನ ತುಂಬಿಸಿಕೊಳ್ಳಲು ಯುರೋಪಿನಲ್ಲಿ ಇಳಿಯಬೇಕಾಯಿತು. ಹಳೆಯ ಅನುಭವದ ಮೇಲೆ "ಇಷ್ಟೇ ಗಂಟೆ" ಎಂದು ಯಾರಾದರೂ ಹೇಳಿದರೆ, ಅವರು ಹೋದದ್ದು ಯಾವ ವರ್ಷ, ಯಾವ ದೇಶದ ವಿಮಾನ ಎಂದು ಕೇಳಬೇಕು.

ಫ್ರೀಮಾಂಟ್ ಕನ್ನಡಿಗ
ಕುಕ್ಕರಹಳ್ಳಿ ಅವರೇ, ನಿಮ್ಮ ಪ್ರಶ್ನೆಗೆ ಹತ್ತಿರ ಬರುತ್ತೇನೆ. ನೇರ ವಿಮಾನಗಳ ವೇಳಾಪಟ್ಟಿ ಆಗಾಗ ಬದಲಾಗುತ್ತಿರುತ್ತದೆ, ಆದ್ದರಿಂದ ನಿಮ್ಮ ತಾರೀಖಿಗೆ ಅದು ಇದೆಯೇ ಎಂದು ಮೊದಲು ಖಚಿತ ಮಾಡಿಕೊಳ್ಳಿ. ಇಲ್ಲದಿದ್ದರೆ ದುಬೈ, ಫ್ರಾಂಕ್‌ಫರ್ಟ್, ಸಿಂಗಪುರ ಇತ್ಯಾದಿ ದಾರಿಗಳಿವೆ. ಬೆಂಗಳೂರಿನಿಂದ ದುಬೈಗೆ ಸುಮಾರು 2,700 ಕಿ.ಮೀ., ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಸುಮಾರು 13,000 ಕಿ.ಮೀ. ಒಟ್ಟು 15,700. ಫ್ರಾಂಕ್‌ಫರ್ಟ್ ಮೂಲಕ 7,400 ಮತ್ತು 9,150, ಒಟ್ಟು 16,550. ಕಿ.ಮೀ. ಲೆಕ್ಕದಲ್ಲಿ ದುಬೈ ಗೆಲ್ಲುತ್ತದೆ. ಆದರೂ ನನ್ನ ಅತ್ತೆ ಮಾವಂದಿರನ್ನು ನಾನು ಕರೆಸಿಕೊಂಡದ್ದು ಫ್ರಾಂಕ್‌ಫರ್ಟ್ ಮೂಲಕ. ದುಬೈ ದಾರಿಯಲ್ಲಿ ನಾಲ್ಕು ಗಂಟೆ ಕುಳಿತು, ಇಳಿದು, ಮತ್ತೆ ಒಂದೇ ಸಲಕ್ಕೆ 16 ಗಂಟೆ ಕೂರಬೇಕು. ಫ್ರಾಂಕ್‌ಫರ್ಟ್ ದಾರಿಯಲ್ಲಿ ಸುಮಾರು 10 ಮತ್ತು ಹನ್ನೊಂದೂವರೆ ಎಂದು ಪ್ರಯಾಣ ಸರಿಸುಮಾರು ಅರ್ಧ ಅರ್ಧ ಆಗುತ್ತದೆ. ಮಂಡಿನೋವಿನವರಿಗೆ ನಡುವೆ ಎರಡು ಮೂರು ಗಂಟೆ ಎದ್ದು ಓಡಾಡಲು ಸಿಗುವುದು ದೊಡ್ಡ ಉಪಕಾರ.

ಹೊಸದುರ್ಗ
ಇದನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ವಯಸ್ಸಾದವರಿಗೆ ಕಷ್ಟವಾಗುವುದು ಕೂರುವುದಲ್ಲ, ಗೊತ್ತಿಲ್ಲದ ನಿಲ್ದಾಣದಲ್ಲಿ ಇಳಿದು, ಭದ್ರತಾ ತಪಾಸಣೆಗೆ ಮತ್ತೆ ಸಾಲು ನಿಂತು, ಇನ್ನೊಂದು ಗೇಟ್ ಹುಡುಕಿಕೊಂಡು ಹೋಗುವುದು. ಕನ್ನಡ ಬಿಟ್ಟು ಬೇರೆ ಭಾಷೆ ಅಷ್ಟಾಗಿ ಬಾರದ ತಂದೆ ತಾಯಿಯನ್ನು ಫ್ರಾಂಕ್‌ಫರ್ಟ್‌ನಲ್ಲಿ ಇಳಿಸಿ ಓಡಾಡಿ ಎನ್ನುವುದು ನಮಗೆ ಸುಲಭ, ಅವರಿಗಲ್ಲ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಮುಂದಿನದು ಮರುದಿನ. 21 ಗಂಟೆಯ ಟಿಕೆಟ್ 45 ಗಂಟೆಯ ಪ್ರಯಾಣವಾಗುತ್ತದೆ. ನೇರ ವಿಮಾನ ಸಿಕ್ಕರೆ ಎರಡನೆಯ ಮಾತೇ ಬೇಡ.

ಫ್ರೀಮಾಂಟ್ ಕನ್ನಡಿಗ
ನಿಮ್ಮ ಆತಂಕ ಸರಿಯಾದದ್ದೇ, ಆದರೆ ಅದಕ್ಕೆ ಪರಿಹಾರವಿದೆ. ಟಿಕೆಟ್ ಮಾಡಿಸುವಾಗಲೇ ಇಬ್ಬರಿಗೂ ವೀಲ್‌ಚೇರ್ ನೆರವು ಕೇಳಿ ಬರೆಸಬೇಕು. ಆಗ ವಿಮಾನದ ಬಾಗಿಲಿನಿಂದ ಮುಂದಿನ ಗೇಟಿನವರೆಗೆ ಸಿಬ್ಬಂದಿಯೇ ಕರೆದೊಯ್ಯುತ್ತಾರೆ. ಎರಡೂ ವಿಮಾನಗಳು ಒಂದೇ ಟಿಕೆಟ್‌ನಲ್ಲಿರಬೇಕು, ಬೇರೆ ಬೇರೆ ಕೊಂಡರೆ ತಪ್ಪಿದ ವಿಮಾನದ ಹೊಣೆ ನಿಮ್ಮ ಮೇಲೇ ಬೀಳುತ್ತದೆ. ಮತ್ತೊಂದು ಮುಖ್ಯ ವಿಷಯವೆಂದರೆ, ನ್ಯೂಯಾರ್ಕ್ ಅಥವಾ ಶಿಕಾಗೋದಲ್ಲಿ ವಿಮಾನ ಬದಲಿಸುವ ಟಿಕೆಟ್ ಬೇಡ. ಅಮೆರಿಕದಲ್ಲಿ ಮೊದಲು ಇಳಿಯುವ ಊರಿನಲ್ಲೇ ಇಮಿಗ್ರೇಶನ್ ಮುಗಿಸಿ, ಸಾಮಾನ್ಯವಾಗಿ ಪೆಟ್ಟಿಗೆಗಳನ್ನು ತೆಗೆದುಕೊಂಡು ಮತ್ತೆ ಒಪ್ಪಿಸಬೇಕಾಗುತ್ತದೆ. ಆ ಸಾಲು ಸ್ಯಾನ್ ಫ್ರಾನ್ಸಿಸ್ಕೋದಲ್ಲೇ ಆಗಲಿ, ಹೊರಗೆ ಮಗಳು ಕಾಯುತ್ತಿರುತ್ತಾಳೆ.

ಶುಶ್ರೂಷೆ
ವೈದ್ಯಳಾಗಿ ಈ ವಾದಕ್ಕೆ ಸ್ವಲ್ಪ ಸೇರಿಸಬೇಕೆನಿಸಿತು. ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಅಲುಗಾಡದೆ ಕುಳಿತು ಮಾಡುವ ಯಾವುದೇ ಪ್ರಯಾಣದ ನಂತರ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನ ತಿಳಿಸಿದೆ. ಆರೋಗ್ಯವಂತರಲ್ಲಿ ಈ ಅಪಾಯ ಬಹಳ ಕಡಿಮೆ, ಆದರೆ ವಯಸ್ಸಾದವರು, ಈಚೆಗೆ ಶಸ್ತ್ರಚಿಕಿತ್ಸೆ ಆದವರು, ಮೊದಲೇ ಹೆಪ್ಪುಗಟ್ಟಿದ ಇತಿಹಾಸ ಇರುವವರು ತಮ್ಮ ವೈದ್ಯರನ್ನು ಕಾಣದೆ ಹೊರಡಬಾರದು. ನೇರ ವಿಮಾನವೋ ಎರಡು ವಿಮಾನವೋ ಎನ್ನುವುದಕ್ಕಿಂತ, ಗಂಟೆಗೊಮ್ಮೆ ಪಾದವನ್ನು ಮೇಲೆ ಕೆಳಗೆ ಆಡಿಸುವುದು, ಆಗಾಗ ಎದ್ದು ನಾಲ್ಕು ಹೆಜ್ಜೆ ನಡೆಯುವುದು, ನೀರು ಕುಡಿಯುತ್ತಿರುವುದು ಮುಖ್ಯ. ಅಮ್ಮನಿಗೆ ನಡೆಯುವ ದಾರಿಯ ಪಕ್ಕದ ಆಸನವನ್ನೇ ಕಾದಿರಿಸಿ. ಕಿಟಕಿಯ ಪಕ್ಕ ಕೂತರೆ ಇನ್ನೊಬ್ಬರನ್ನು ಎಬ್ಬಿಸಬೇಕಲ್ಲ ಎಂಬ ಸಂಕೋಚಕ್ಕೆ ನಮ್ಮ ಹಿರಿಯರು ಎದ್ದೇಳುವುದೇ ಇಲ್ಲ, ಬಾತ್‌ರೂಮಿಗೆ ಹೋಗಬೇಕಾದೀತೆಂದು ನೀರೂ ಕುಡಿಯುವುದಿಲ್ಲ. ವಿಮಾನದೊಳಗಿನ ಗಾಳಿಯ ಒತ್ತಡ 1,800ರಿಂದ 2,400 ಮೀಟರ್ ಎತ್ತರದ ಜಾಗಕ್ಕೆ ಸಮ, ಅಂದರೆ 1,930 ಮೀಟರಿನ ಮುಳ್ಳಯ್ಯನಗಿರಿಯ ತುದಿಯಲ್ಲಿ ಹದಿನಾರು ಗಂಟೆ ಕುಳಿತಂತೆ. ಗಾಳಿಯೂ ಒಣ. ಉಸಿರಾಟದ ಅಥವಾ ಹೃದಯದ ತೊಂದರೆ ಇದ್ದರೆ ಇದನ್ನೂ ವೈದ್ಯರ ಗಮನಕ್ಕೆ ತನ್ನಿ.

ಅಪ್ಪನ ಸಕ್ಕರೆ ಕಾಯಿಲೆಯ ಔಷಧಿಯನ್ನು ಕೈಚೀಲದಲ್ಲಿ ಚೀಟಿಯ ಸಮೇತ ಇಡಿ, ಪೆಟ್ಟಿಗೆಯಲ್ಲಿ ಹಾಕಬೇಡಿ. ಇನ್ಸುಲಿನ್ ತೆಗೆದುಕೊಳ್ಳುವವರಾದರೆ ಯಾವ ಹೊತ್ತಿಗೆ ಎಷ್ಟು ಎಂಬುದನ್ನು ಅವರ ವೈದ್ಯರೇ ಗಂಟೆಗಳ ಲೆಕ್ಕದಲ್ಲಿ ಬರೆದುಕೊಡಬೇಕು. "ರಾತ್ರಿ ಊಟಕ್ಕೆ ಮುಂಚೆ" ಎಂಬ ಸೂಚನೆಗೆ ಆ ದಿನ ಅರ್ಥವೇ ಇರುವುದಿಲ್ಲ.

ಕುಕ್ಕರಹಳ್ಳಿ
ಡಾಕ್ಟರಮ್ಮ, ತುಂಬಾ ಧನ್ಯವಾದಗಳು. ಅಪ್ಪ ಇನ್ಸುಲಿನ್ ತೆಗೆದುಕೊಳ್ಳುತ್ತಾರೆ, ಈ ವಿಷಯ ನಮಗೆ ಹೊಳೆದೇ ಇರಲಿಲ್ಲ. ಒಂದು ಸಂದೇಹ. ಮಧ್ಯಾಹ್ನ ಹೊರಟು ಅದೇ ದಿನ ಸಂಜೆ ಅಲ್ಲಿ ಇಳಿಯುತ್ತಾರೆ ಎಂದು ತಂಗಿ ಹೇಳುತ್ತಾಳೆ. ಹದಿನಾರು ಗಂಟೆ ಎಲ್ಲಿ ಹೋಯಿತು?

ತುಂಗಾತೀರ
ಪೆಸಿಫಿಕ್‌ನಲ್ಲಿ ಅಂತರರಾಷ್ಟ್ರೀಯ ದಿನಾಂಕ ರೇಖೆ ದಾಟುತ್ತಾರಲ್ಲ, ಅದಕ್ಕೇ. ಆ ರೇಖೆ ದಾಟಿದರೆ ಒಂದು ದಿನ ಮರಳಿ ಸಿಗುತ್ತದೆ. ಯುರೋಪಿನ ಮೂಲಕ ಹೋದರೆ ಹಾಗಾಗುವುದಿಲ್ಲ.

ನಕ್ಷೆಪ್ರಿಯ
ಯಾವ ದಾರಿಯಲ್ಲಿ ಹೋದರೂ ಇಳಿದ ಊರಿನ ಗಡಿಯಾರ ಒಂದೇ ಹೊತ್ತನ್ನು ತೋರಿಸುತ್ತದೆ. ಫೆಬ್ರುವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಭಾರತಕ್ಕಿಂತ ಹದಿಮೂರೂವರೆ ಗಂಟೆ ಹಿಂದೆ. ಉದಾಹರಣೆಗೆ 10ನೇ ತಾರೀಖು ಮಧ್ಯಾಹ್ನ 2.30ಕ್ಕೆ ಬೆಂಗಳೂರಿನಿಂದ ಹೊರಟು 16 ಗಂಟೆ ಹಾರಿದರೆ ನಮ್ಮಲ್ಲಿ 11ರ ಬೆಳಿಗ್ಗೆ 6.30 ಆಗಿರುತ್ತದೆ. ಅದರಲ್ಲಿ ಹದಿಮೂರೂವರೆ ಕಳೆದರೆ ಅಲ್ಲಿ 10ರ ಸಂಜೆ 5. ಅದೇ ಹದಿನಾರು ಗಂಟೆ ಅಟ್ಲಾಂಟಿಕ್ ಮೇಲೆ ಹಾರಿದ್ದರೂ 10ರ ಸಂಜೆ 5ಕ್ಕೇ ಇಳಿಯುತ್ತಿದ್ದರು. ದಿನಾಂಕ ರೇಖೆ ದಾಟಿದರೆ ಗಡಿಯಾರವನ್ನು ಮುಂದೆ ತಿರುಗಿಸುತ್ತಾ ಹೋಗಿ ಒಮ್ಮೆಲೇ ಒಂದು ದಿನ ಹಿಂದೆ ಹೋಗುತ್ತೀರಿ, ದಾಟದಿದ್ದರೆ ಸ್ವಲ್ಪ ಸ್ವಲ್ಪವಾಗಿ ಹಿಂದೆ ಹೋಗುತ್ತೀರಿ. ಮೊತ್ತ ಒಂದೇ.

ಬರುವಾಗ ಇದರ ವಿರುದ್ಧ. ರಾತ್ರಿ 8.30ಕ್ಕೆ ಹೊರಟು 17 ಗಂಟೆ ಹಾರಿದರೆ ಇಲ್ಲಿ, ಹೊರಟ ದಿನವನ್ನೂ ಸೇರಿಸಿ ಎಣಿಸಿದರೆ, ಮೂರನೆಯ ದಿನದ ನಸುಕಿನ 3 ಗಂಟೆ. 2021ರ ಆ ಮೊದಲ ವಿಮಾನವೂ ಜನವರಿ 9ರ ರಾತ್ರಿ ಹೊರಟು 11ರ ನಸುಕಿನಲ್ಲೇ ದೇವನಹಳ್ಳಿಗೆ ಬಂದದ್ದು.

ತುಂಗಾತೀರ
ಲೆಕ್ಕ ಒಪ್ಪಿದೆ. ಆದರೂ ಹಾರುತ್ತಿರುವವರಿಗೆ ವ್ಯತ್ಯಾಸ ಇದ್ದೇ ಇದೆ. ಪೂರ್ವಕ್ಕೆ ಹೋದರೆ ಬೇಗ ಕತ್ತಲಾಗಿ ಬೇಗ ಬೆಳಗಾಗುತ್ತದೆ, ಪಶ್ಚಿಮಕ್ಕೆ ಹೋದರೆ ಹಗಲು ಹಿಗ್ಗುತ್ತದೆ. ನಿದ್ದೆಯ ಮಟ್ಟಿಗೆ ದಾರಿ ಯಾವುದು ಎನ್ನುವುದು ಮುಖ್ಯವೇ.

ಶುಶ್ರೂಷೆ
ಅದು ನಿಜ. ತಲುಪಿದ ಮೇಲೆ ಬೆಳಗಿನ ಬಿಸಿಲಿನಲ್ಲಿ ಓಡಾಡಿಸಿ, ಹಗಲು ಉದ್ದಕ್ಕೆ ಮಲಗಲು ಬಿಡಬೇಡಿ. ಒಂದು ವಾರ ರಾತ್ರಿ ಎಚ್ಚರವಾದರೆ ಗಾಬರಿಯಾಗುವುದು ಬೇಡ.

ನಿವೃತ್ತ ಮೇಷ್ಟ್ರು
ಎಲ್ಲರೂ ದೇವನಹಳ್ಳಿಯಿಂದ ಲೆಕ್ಕ ಹಾಕುತ್ತಿದ್ದೀರಿ, ಇವರು ಹೊರಡುವುದು ಮೈಸೂರಿನಿಂದ. ನನ್ನ ಮಗನ ಮನೆಗೆ ಹೋದಾಗ ನಮ್ಮನ್ನು ದಣಿಸಿದ್ದು ಆಕಾಶವಲ್ಲ, ನೆಲ. ಮೈಸೂರಿನಿಂದ ಫ್ಲೈಬಸ್ಸಿನಲ್ಲಾಗಲಿ ಕಾರಿನಲ್ಲಾಗಲಿ ನಿಲ್ದಾಣಕ್ಕೆ ನಾಲ್ಕೈದು ಗಂಟೆ, ಮೂರು ಗಂಟೆ ಮುಂಚೆ ಅಲ್ಲಿರಬೇಕು, ಇಳಿದ ಮೇಲೆ ಇಮಿಗ್ರೇಶನ್, ಪೆಟ್ಟಿಗೆ ಎಂದು ಇನ್ನೆರಡು ಗಂಟೆ, ಆಮೇಲೆ ಮನೆಗೆ ಒಂದು ಗಂಟೆ. ಹಾರಾಟ ಹದಿನಾರು ಗಂಟೆಯಾದರೂ ಮನೆಯ ಹೊಸಿಲಿನಿಂದ ಹೊಸಿಲಿಗೆ ಇಪ್ಪತ್ತೇಳು ಆಗುತ್ತದೆ. ಎರಡು ವಿಮಾನವಾದರೆ ಮೂವತ್ತು ದಾಟುತ್ತದೆ. ಅಮ್ಮನಿಗೆ ಹೇಳಬೇಕಾದ ಸಂಖ್ಯೆ ಇದೇ. ಬರೀ ಹದಿನಾರು ಎಂದು ಹೇಳಿ ಕಳಿಸಿದರೆ, ವಿಮಾನ ಹತ್ತುವ ಹೊತ್ತಿಗೇ ಅರ್ಧ ಮುಗಿಯಿತು ಎಂದುಕೊಂಡು ಕುಗ್ಗಿಹೋಗುತ್ತಾರೆ. ಸಾಧ್ಯವಾದರೆ ಹಿಂದಿನ ದಿನವೇ ಬೆಂಗಳೂರಿಗೆ ಬಂದು ನೆಂಟರ ಮನೆಯಲ್ಲಿ ಮಲಗಿ ಎದ್ದು ಹೊರಡಲಿ.

ಹೊಸದುರ್ಗ
ಮೇಷ್ಟ್ರೇ, ನಿಮ್ಮ ಈ ಲೆಕ್ಕವೇ ನೇರ ವಿಮಾನದ ಪರವಾಗಿದೆ. ನೆಲದ ಮೇಲೆ ಇಷ್ಟು ಹೊತ್ತು ಹೇಗೂ ಹೋಗುವಾಗ, ನಡುವೆ ಇನ್ನೊಂದು ನಿಲ್ದಾಣ ಏಕೆ ಸೇರಿಸಬೇಕು?

ಫ್ರೀಮಾಂಟ್ ಕನ್ನಡಿಗ
ನೇರ ವಿಮಾನವಿದ್ದರೆ, ಅಮ್ಮನಿಗೆ ದಾರಿ ಪಕ್ಕದ ಆಸನ ಸಿಕ್ಕರೆ, ಅದನ್ನೇ ತೆಗೆದುಕೊಳ್ಳಿ ಎಂದು ನಾನೂ ಹೇಳುತ್ತೇನೆ. ಇಲ್ಲವಾದರೆ ಮೂರು ಗಂಟೆಗೆ ಕಡಿಮೆ ಇಲ್ಲದ ಬಿಡುವಿರುವ, ಒಂದೇ ಟಿಕೆಟ್ಟಿನ ಫ್ರಾಂಕ್‌ಫರ್ಟ್ ದಾರಿ. ಬಿಡುವು ಒಂದೂವರೆ ಗಂಟೆ ಇರುವ ಟಿಕೆಟ್ ಒಟ್ಟು ಹೊತ್ತಿನಲ್ಲಿ ಚೆನ್ನಾಗಿ ಕಾಣುತ್ತದೆ, ಆದರೆ ವೀಲ್‌ಚೇರ್ ಬರುವುದಕ್ಕೆ ಕಾಯುವುದರಲ್ಲೇ ಅರ್ಧ ಗಂಟೆ ಹೋಗುತ್ತದೆ.

ಕುಕ್ಕರಹಳ್ಳಿ
ಮೇಷ್ಟ್ರು ಹೇಳಿದ ಇಪ್ಪತ್ತೇಳನ್ನೇ ಅಮ್ಮನಿಗೆ ಹೇಳಿದೆ. "ಅಷ್ಟೇನಾ, ನೀನು ಎರಡು ದಿನ ಅಂದಿದ್ದೆ" ಎಂದರು. ನೇರ ವಿಮಾನ ನಮ್ಮ ತಾರೀಖಿಗೆ ಇದೆಯೇ ಎಂದು ನಾಳೆ ವಿಚಾರಿಸುತ್ತೇನೆ. ಅವರು ಮರಳಿ ಬರುವುದು ಆಗಸ್ಟ್‌ನಲ್ಲಿ. ಆಗಲೂ ಹದಿಮೂರೂವರೆ ಗಂಟೆಯ ವ್ಯತ್ಯಾಸವನ್ನೇ ಹಿಡಿಯಬೇಕೇ?

ನಕ್ಷೆಪ್ರಿಯ
ಇಲ್ಲ. ಅಮೆರಿಕದಲ್ಲಿ ಮಾರ್ಚ್ ತಿಂಗಳ ಎರಡನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು, ನವೆಂಬರ್ ಮೊದಲ ಭಾನುವಾರ ಹಿಂದಕ್ಕೆ ತರುತ್ತಾರೆ. ಆಗಸ್ಟ್‌ನಲ್ಲಿ ವ್ಯತ್ಯಾಸ ಹನ್ನೆರಡೂವರೆ ಗಂಟೆ. ಅಪ್ಪನ ಇನ್ಸುಲಿನ್ ಚೀಟಿಯನ್ನು ಹೋಗುವುದಕ್ಕೊಂದು, ಬರುವುದಕ್ಕೊಂದು ಬೇರೆ ಬೇರೆ ಬರೆಸಿಕೊಳ್ಳಿ.